ಮುಂದಿನ ಸೀಟಿನಲ್ಲಿ ಕೂತು ಹೋದ ಡಬ್ಬಿ

ಗೆಳತಿಯರೇ, ಇಂದು ಭೋಜ ಊರಿನ ನಮ್ಮ ಮನೆಯಲ್ಲಿ ಒಂದು ಡಬ್ಬಿಗಾಗಿ ಜಗಳ. ಎರಡು ತಿಂಗಳ ಮಗಳ ಮೈತುಂಬ ಗುಳ್ಳೆ, ನನಗೆ ನಿದ್ದೆಯಿಲ್ಲ. ಚಿಕನ್‌ಪಾಕ್ಸೋ ಬೇರೆಯೋ ತಿಳಿಯಬೇಕೆಂದು ಡಾಕ್ಟರು ಗುಳ್ಳೆ ಕೆರೆದು, ಗಾಜಿಗೆ ಸವರಿ, ಬೆಳಗಾವಿ ಲ್ಯಾಬಿಗೆ ಕಳಿಸಲು ಡಬ್ಬಿಯಲ್ಲಿಟ್ಟು ಕೊಟ್ಟಿದ್ದರು.

ಮೈಮೇಲೆ ಗುಳ್ಳೆ ಎದ್ದರೆ ದೇವಿ ಬಂದಳೆನ್ನುವ ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಮನ್ಯಾಗ ದೇವಿ ಬಂದಾಳ. ಆಕಿ ಹೋಗೂತನಕ ಹೊಸ್ತಿಲಾ ದಾಟಿ ಏನೂ ಹೋಗಬಾರದವ್ವಾ.”

“ಬಂದಾಕಿ ದೇವಿನೋ ಬ್ಯಾರೆ ಜಡ್ಡೋ, ಅದನ್ನ ಕೇಳಾಕ ಕಳಸ್ತೀನ್ರಿ, ಅತ್ತಿ,” ಎಂದು ದಾಟಿಯೇಬಿಟ್ಟೆ.

ನಿಪ್ಪಾಣಿಯಲ್ಲಿ ಬೆಳಗಾವಿ ಬಸ್ಸಿನ ಕಂಡಕ್ಟರನಿಗೆ ಡಬ್ಬಿ ಕೊಟ್ಟು, ಅತ್ತೆಯ ಮಾತನ್ನೂ ಸೇರಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆತ ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಮುಂದಿನ ಸೀಟಿನತ್ತ ನಡೆದ. “ಏಳ್ರಿ ಕಾಕಾ, ದೇವಿ ಬಂದಾಳ!”

ಹೊಸ್ತಿಲು ದಾಟಬಾರದಿದ್ದವಳು ಸೀಟು ಹಿಡಿದು ಬೆಳಗಾವಿಗೆ ಹೋಗಿದ್ದಾಳೆ. ಬರುವಾಗ ತನ್ನ ಹೆಸರು ಹೇಳಿಕೊಂಡೇ ಬರಲಿ.