ಆರು ಮನಿ, ಐದು ವಾಲ್ವು

ರಬ್ಬರಿನ ವಾಸನೆ ಅದು. ಸಾಲಿ ಹುಡುಗರು ಪೆನ್ಸಿಲ್ ಬರಹ ಅಳಿಸುತ್ತಾರಲ್ಲ, ಆ ಬಿಳಿ ರಬ್ಬರು. ಹೋದ ವಾರ ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ರಿಪೇರಿ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ನನ್ನ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದಳು. ಒಳಗಿನ ಮೆಮರಿ ಪಟ್ಟಿಗಳೆರಡನ್ನೂ ಕಿತ್ತು, ಅವುಗಳ ಬಂಗಾರ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಗಸಗಸ ತಿಕ್ಕತೊಡಗಿದಳು. ರಬ್ಬರು ಬಿಸಿಯಾಗಿ ಪುಡಿ ಉದುರಿತು, ವಾಸನೆ ಎದ್ದಿತು ನೋಡಿ... ನಾನು ಎದುರಿನ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಎರಡು ತಿಂಗಳ ಹಿಂದೆ ಇದೇ ಅಂಗಡಿಯಲ್ಲಿ ನಾಲ್ಕು ಜಿಬಿಯ ಇನ್ನೊಂದು ಪಟ್ಟಿ ಹಾಕಿಸಿದ್ದೆ. ಎಂಟು ತೋರಿಸಬೇಕಾದ ಕಂಪ್ಯೂಟರು ನಾಲ್ಕೇ ತೋರಿಸತೊಡಗಿತ್ತು. ಆಟೋದಲ್ಲಿ ಬರುವಾಗಲೇ ನನ್ನ ತೀರ್ಪು ಬರೆದಾಗಿತ್ತು: ಇವರು ಪಟ್ಟಿ ಹಾಕೇ ಇಲ್ಲ, ಇಲ್ಲಾ ಹಾಕಿದ್ದನ್ನು ಎಗರಿಸಿದ್ದಾರೆ. ಎಪ್ಪತ್ತೈದು ದಾಟಿದರೂ ನನ್ನ ಸಿಟ್ಟಿಗೆ ಮುಪ್ಪು ಬಂದಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವಾಗ ಒಂದು ಶಬ್ದ ನಾಲಿಗೆಯ ತುದಿಗೆ ಬಂದು ಕೂತಿತ್ತು. ಎಪ್ಪತ್ತರ ದಶಕದಲ್ಲಿ ಒಂದು ಸಲ ಆ ಶಬ್ದ ಆಡಿದ್ದೆ. ಅದರಿಂದ ಒಬ್ಬ ಮನುಷ್ಯನ ಕೈ ಹೋಯಿತು.

ಆಗ ನಾನು ತಿಕೋಟಾದಲ್ಲಿ ಹೊಸ ಮಾಸ್ತರ. ಛಡಿ ಇಲ್ಲದೆ ವರ್ಗದೊಳಗೆ ಕಾಲಿಡುತ್ತಿರಲಿಲ್ಲ. ಮಗ್ಗಿ ತಪ್ಪಿದವನ ಅಂಗೈ ಕೆಂಪಾಗಲೇಬೇಕು, ಕೆಂಪಾದರೇ ವಿದ್ಯೆ ಹತ್ತುತ್ತದೆ ಅಂತ ನಂಬಿದ್ದ ಮೂಳ ನಾನು. ಬಬಲೇಶ್ವರದ ನನ್ನ ಮಾವನವರು ಮದುವೆಯಲ್ಲಿ ಗಾಜಿನ ವಾಲ್ವುಗಳಿರುವ ರೇಡಿಯೊ ಕೊಟ್ಟಿದ್ದರು. ಅದು ಒಂದು ದಿನ ಧಾರವಾಡ ಸ್ಟೇಷನ್ನನ್ನಷ್ಟೇ ಹಿಡಿದು, ಸಿನಿಮಾ ಹಾಡಿನ ಸಿಲೋನು ಬಿಟ್ಟಿತು. ಹೆಂಡತಿಯ ಮುಖ ಬಾಡಿತು. ನಾನು ರೇಡಿಯೊದ ತಲೆಯ ಮೇಲೆ ನಾಲ್ಕು ಬಾರಿಸಿದೆ. ಧಾರವಾಡವೂ ಹೋಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ತಗಡಿನ ಡಬ್ಬಾ ಅಂಗಡಿಯಲ್ಲಿ ರಿಪೇರಿ ಮಾಡುವವನೊಬ್ಬ ಕೂಡುತ್ತಿದ್ದ. ಊರಿಗೆಲ್ಲ ರೇಡಿಯೊ ಮಾಮಾ. ಸಣಕಲು ಆಳು, ಆದರೆ ಬೆರಳು ಮಾತ್ರ ಹೆಣ್ಣುಮಕ್ಕಳ ಬೆರಳಿನಂತೆ ಉದ್ದ, ಮೆದು. ನಾನು ಹೊಡೆದ ಗುರುತನ್ನು ರೇಡಿಯೊದ ಮೇಲೆ ಬೆರಳಾಡಿಸಿಯೇ ಕಂಡುಹಿಡಿದ.

"ಹೊಡೀಬ್ಯಾಡ್ರಿ ಮಾಸ್ತರ. ಹೊಡದ್ರ ಸುಮ್ಮಾಗತೈತಿ, ಸುದ್ದ ಆಗಂಗಿಲ್ಲ," ಅಂದ.

ಅದು ರೇಡಿಯೊದ ಮಾತೋ ನನ್ನ ಸಾಲಿಯ ಮಾತೋ... ಆತನ ಮಗಳು ನನ್ನ ವರ್ಗದಲ್ಲೇ ಮೂರನೆತ್ತಾ ಕಲಿಯುತ್ತಿದ್ದಳು, ನನ್ನ ಕೈಯ ಏಟು ತಿಂದಿದ್ದಳು. ನನಗೆ ಒಳಗೊಳಗೇ ಉರಿಯಿತು.

ಅವನ ಕೆಲಸದ ರೀತಿ ನೋಡುವಂಥದ್ದು. ವಾಲ್ವು ಕೂಡುವ ಜಾಗಕ್ಕೆ ಅವನು 'ಮನಿ' ಅನ್ನುತ್ತಿದ್ದ. ಒಂದೊಂದೇ ವಾಲ್ವು ಕಿತ್ತು, ಅದರ ಸಣ್ಣ ಕಾಲುಗಳನ್ನು ರಬ್ಬರಿನಿಂದ ತಿಕ್ಕಿ, ಮತ್ತೆ ಅದರ ಮನಿಯಲ್ಲಿ ಕೂಡಿಸಿ, "ಬಿಸ್ಮಿಲ್ಲಾ" ಅಂತ ಗುಂಡಿ ತಿರುವಿ, ಕಿವಿ ಹಚ್ಚಿ ಕೇಳುತ್ತಿದ್ದ. ಯಾವ ವಾಲ್ವಿಗೂ ಕೆಟ್ಟಿದೆ ಅಂತ ಸುಲಭಕ್ಕೆ ಅನ್ನುತ್ತಿರಲಿಲ್ಲ. ವಾರ ಬಿಟ್ಟು ಬರ್ರಿ ಅಂದ.

ನಾನು ಹೋದದ್ದು ಸಂತೆಯ ದಿನ. ಕನಮಡಿಯಿಂದ, ಬಿಜ್ಜರಗಿಯಿಂದ ಬಂದ ಜನ ರಸ್ತೆ ತುಂಬ. ಮಾಮಾ ರೇಡಿಯೊದ ಹಿಂಬದಿಯ ಹಲಗೆ ಇನ್ನೂ ಹಚ್ಚಿರಲಿಲ್ಲ. ಕಂಡದ್ದನ್ನೆಲ್ಲ ಎಣಿಸುವುದು ಮಾಸ್ತರಕಿಯ ಚಟ. ಬಗ್ಗಿ ಎಣಿಸಿದೆ. ಆರು ಮನಿ, ಐದು ವಾಲ್ವು.

"ಇನ್ನೊಂದು ಎಲ್ಲಿ?" ಅಂದೆ.

"ಅದು ಖಾಲಿ ಮನಿ ರೀ ಮಾಸ್ತರ. ಮೊದಲಿಂದನೂ ಖಾಲಿನ."

"ಖಾಲಿ ಇಡಾಕ ಯಾರು ಮನಿ ಕಟ್ಟತಾರಲೇ? ಕಳ್ಳಾ!"

ಆ ಶಬ್ದ ಇದೇ. ಸಂತೆಯಲ್ಲಿ ಅದನ್ನು ಒಮ್ಮೆ ಕೂಗಿದರೆ ಸಾಕು, ಎರಡನೆಯ ಸಲ ಕೂಗುವುದೇ ಬೇಡ. ಅದೂ ಮಾಸ್ತರನ ಬಾಯಿಂದ! ಯಾರೋ ಒಬ್ಬ "ನನ್ನ ರೇಡಿಯೊದಾಗೂ ಒಂದು ಮನಿ ಖಾಲಿ ಇತ್ತಲೇ" ಅಂತ ಅಂಗಡಿಯೊಳಗೆ ಕೈ ಹಾಕಿ ಮಾಮಾನ ಕೊರಳಪಟ್ಟಿ ಹಿಡಿದು ಹೊರಗೆ ಎಳೆದ. ಮುಂದಿನದು ಮಳೆಯಂತೆ. ಕೆರವು, ಮುಷ್ಟಿ, ಬಾರುಕೋಲು. ಮೂಗು ಒಡೆದು ರಕ್ತ ಬಾಯಿಗಿಳಿಯಿತು. ತಲೆ ಅಂಗಡಿಯ ಕಟ್ಟೆಗೆ ಬಡಿದ ಸಪ್ಪಳ ನನಗೆ ಸ್ಪಷ್ಟವಾಗಿ ಕೇಳಿಸಿತು. ಒಳಗೆ ನುಗ್ಗಿದವರ ಕಾಲಡಿ ಗಾಜಿನ ವಾಲ್ವುಗಳು ಚಟಚಟ ಒಡೆದವು. ಮಾಮಾ ತಾನು ಕಳ್ಳನಲ್ಲ ಅಂತ ಒಂದು ಸಲವೂ ಅನ್ನಲಿಲ್ಲ. ಎರಡೂ ಕೈ ಬಗಲಲ್ಲಿ ಮುಚ್ಚಿಟ್ಟುಕೊಂಡು ಉರುಳಾಡುತ್ತ ಒಂದೇ ಮಾತು ಒದರುತ್ತಿದ್ದ.

"ಕೈಯೊಂದು ಬಿಟ್ಟು ಎಲ್ಲಿ ಬೇಕಾದಲ್ಲಿ ಹೊಡೀರ್ಯೋ ಯಪ್ಪಾ, ಕೈಯೊಂದು ಬಿಡ್ರಿ!"

ಕೇಳಿದವರಿಗೆ ಎಲ್ಲಿ ಹೊಡೆಯಬೇಕು ಅನ್ನುವುದು ತಿಳಿದುಹೋಯಿತು. ಇಬ್ಬರು ಅವನ ಬಲಗೈ ಎಳೆದು ಕಟ್ಟೆಯ ಮೇಲೆ ಚಾಚಿ ಹಿಡಿದರು. ಮೂರನೆಯವನು ಪಕ್ಕದ ಕಾಳಿನ ಅಂಗಡಿಯಿಂದ ಐದು ಕಿಲೋದ ತೂಕದ ಕಲ್ಲು ಎತ್ತಿ ತಂದ. ಒಂದು ಏಟು. ಮತ್ತೊಂದು ಏಟು. ಹಸಿ ಕಟ್ಟಿಗೆ ಮುರಿದಂಥ ಸಪ್ಪಳ...

ನಾನು ಏನು ಮಾಡುತ್ತಿದ್ದೆ? ರೇಡಿಯೊ ಅವಚಿಕೊಂಡು ನಿಂತಿದ್ದೆ. ಅಷ್ಟೇ ಅಂತ ಬರೆದು ಮುಗಿಸಬಹುದಿತ್ತು. ಆದರೆ ಅಷ್ಟೇ ಅಲ್ಲ. ಬಿದ್ದವನ ಪಕ್ಕೆಗೆ ನಾನೂ ಒಂದು ಸಲ ಒದ್ದೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಮನೆಗೆ ಬಂದು ರೇಡಿಯೊ ಹಚ್ಚಿದೆ. ಧಾರವಾಡ ಬಂತು, ಸಿಲೋನು ಬಂತು, ಮೊದಲೆಂದೂ ಹಿಡಿಯದ ಯಾವ್ಯಾವುದೋ ಸ್ಟೇಷನ್ನು ಗಂಟೆ ಬಾರಿಸಿದಂತೆ ಬಂದವು. ಐದೇ ವಾಲ್ವಿನಲ್ಲಿ! ಹೆಂಡತಿ ಹಾಡು ಕೇಳುತ್ತ ನಕ್ಕಳು. ಆಮೇಲೆ ನನ್ನ ಕಡೆ ನೋಡಿ, "ಧೋತರದ ಮ್ಯಾಲೆ ಅದೇನ್ರಿ ಕೆಂಪ?" ಅಂದಳು.

ಎಲೆ ಅಡಿಕೆ ಅಂದೆ.

ಆದರೆ ಆ ಖಾಲಿ ಮನಿ ನನ್ನ ನಿದ್ದೆ ಕೆಡಿಸಿತು. ಐದರಲ್ಲೇ ಎಲ್ಲ ಹಿಡಿಯುತ್ತಿದ್ದರೆ ಆರನೆಯದು ಯಾತಕ್ಕೆ? ತಿಂಗಳೊಪ್ಪತ್ತಿನಲ್ಲಿ ವಿಜಯಪುರಕ್ಕೆ ಹೋದಾಗ, ಆಗಿನ್ನೂ ಬಿಜಾಪುರ ಅನ್ನುತ್ತಿದ್ದೆವು, ರೇಡಿಯೊ ಮಾರುವವನ ಮುಂದೆ ನಿಂತು ಅದೇ ಮಾದರಿಯ ಹೊಸ ಪೆಟ್ಟಿಗೆಯನ್ನು ಬಿಚ್ಚಿಸಿದೆ. ಆರು ಮನಿ. ಐದು ವಾಲ್ವು.

"ದೊಡ್ಡ ರೇಡಿಯೊಕ್ಕೂ ಸಣ್ಣದಕ್ಕೂ ವಾಲ್ವು ಕೂಡಸೋ ತಗಡು ಒಂದ ಹೊಡೀತಾರ್ರಿ. ಸಣ್ಣದರಾಗ ಒಂದು ಮನಿ ಖಾಲಿ ಉಳೀತೈತಿ," ಅಂದ ಆತ, ಇದೇನು ದೊಡ್ಡ ಮಾತು ಅನ್ನುವಂತೆ. ನಾನು ಇನ್ನೊಮ್ಮೆ ಬಗ್ಗಿ ಎಣಿಸಿದೆ.

ಮಾಮಾ ಅಷ್ಟೊತ್ತಿಗೆ ಹೆಂಡತಿ ಮಗಳನ್ನು ಕರೆದುಕೊಂಡು ಬಿಜ್ಜರಗಿಯ ತನ್ನ ಅಕ್ಕನ ಮನೆ ಸೇರಿದ್ದ. ಹೋಗಿ ಕಾಲು ಹಿಡಿಯಬೇಕು ಅಂದುಕೊಂಡೇ ಒಂದು ವರ್ಷ ಕಳೆದೆ. ಕಡೆಗೊಂದು ಮಧ್ಯಾಹ್ನ ಹೋದೆ. ಬೇವಿನ ಗಿಡದ ಬುಡದಲ್ಲಿ ಕೂತು ಆಡು ಕಾಯುತ್ತಿದ್ದ. ಬಲಗೈ ಬೆರಳು ಒಂದಕ್ಕೊಂದು ಅಂಟಿ ಒಣಗಿದ ಶುಂಠಿಯಂತಾಗಿದ್ದವು.

"ಮಾಮಾ, ನಾನ್ರಿ. ತಿಕೋಟಾದ ಮಾಸ್ತರ."

ಬಹಳ ಹೊತ್ತು ನೋಡಿದ. "ಗುರ್ತ ಹತ್ತಲಿಲ್ರಿ," ಅಂದ.

ಅವನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ತಲಿಗೆ ಪೆಟ್ಟು ಬಿದ್ದೈತ್ರಿ. ಒಂದಿಷ್ಟು ಮಂದಿ ಗುರ್ತ ಹತ್ತತೈತಿ, ಒಂದಿಷ್ಟು ಮಂದೀದು ಹತ್ತಂಗಿಲ್ಲ," ಅಂದಳು. ಆದರೆ ಆಡುಗಳನ್ನು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ದಾರಿಯಲ್ಲಿ ಹೋಗುವವರಿಗೆ ಎಡಗೈ ಎತ್ತಿ ಸಲಾಮು ಹೇಳುತ್ತಿದ್ದ. ನನ್ನದೊಂದೇ ಗುರುತು ಹತ್ತಲಿಲ್ಲವೋ, ಹತ್ತಬಾರದು ಅಂತ ಠರಾಯಿಸಿದ್ದನೋ, ನನಗೆ ಇವತ್ತಿಗೂ ತಿಳಿದಿಲ್ಲ. ಬಗ್ಗಿ ಕಾಲು ಮುಟ್ಟಲು ಹೋದೆ. ಗಾಬರಿಯಾಗಿ ಹಿಂದೆ ಸರಿದ.

"ಅಯ್ಯ, ಯಾಕ್ರಿ? ನೀವೇನು ಮಾಡೀರಿ?"

ಹೇಳಬೇಕಾಗಿತ್ತು. ಅದಕ್ಕಂತಲೇ ಹೋಗಿದ್ದೆ. ಇನ್ನೊಬ್ಬನನ್ನು ಕಳ್ಳ ಅನ್ನಲು ಒಂದು ಕ್ಷಣ ತಡೆಯದ ನಾಲಿಗೆ ಅವತ್ತು ಅಲುಗಲಿಲ್ಲ.

"ಏನಿಲ್ರಿ," ಅಂದು ಎದ್ದು ಬಂದೆ.

ಅವತ್ತೇ ಛಡಿ ಮುರಿದು ಒಗೆದೆ ಅಂತ ಬರೆದರೆ ಓದಲು ಚೆಂದ. ಒಗೆಯಲಿಲ್ಲ. ಇನ್ನೂ ನಾಲ್ಕೈದು ವರ್ಷ ಹೊಡೆದೆ. ರೇಡಿಯೊ ಮಾತ್ರ ಯಾರಿಗೋ ಕೊಟ್ಟುಬಿಟ್ಟೆ.

"ಎರಡೂ ಅದಾವ್ರಿ ಸರ," ಅಂದಳು ಸೊಲ್ಲಾಪುರ ರಸ್ತೆಯ ಆ ಹೆಣ್ಣುಮಗಳು. ಪಟ್ಟಿಗಳ ಮನಿ ಬದಲಿಸಿ ಒತ್ತಿ ಕೂಡಿಸಿದ್ದಳು. "ಎಲ್ಲೂ ಹೋಗಿದ್ದಿಲ್ಲ. ಧೂಳು ಕುಂತು ಒಂದರ ಗುರ್ತ ಹತ್ತಿದ್ದಿಲ್ಲ ಇದಕ್ಕ. ನೋಡ್ರಿ, ಈಗ ಹತ್ತೇತಿ."

ಪರದೆಯ ಮೇಲೆ ಎಂಟು ಅಂತ ಬಂದಿತ್ತು. ನನಗೆ ಅಂಕಿ ಮಸುಕಾಗಿ ಕಂಡಿತು. ಆಕೆ ರಬ್ಬರಿನ ಪುಡಿ ಊದಿ, ನನ್ನ ಮುಖ ನೋಡಿ, "ಯಾಕ್ರಿ ಸರ, ಏನಾತು?" ಅಂದಳು.

ಏನಿಲ್ಲವ್ವ ಅನ್ನುವ ಮಾತು ತುಟಿಗೆ ಬಂತು. ನುಂಗಿದೆ.

"ಒಬ್ಬ ರಿಪೇರಿ ಮಾಡಾಂವನ ಕೈ ಮುರಿಸೇನವ್ವಾ ನಾನು. ಆತ ಕಳ್ಳ ಆಗಿದ್ದಿಲ್ಲ."

ಆಕೆ ಕೈಯಲ್ಲಿದ್ದ ರಬ್ಬರು ಕೆಳಗಿಟ್ಟಳು. ಈ ಮಾತು ಕೇಳಬೇಕಾದವನು ಬಿಜ್ಜರಗಿಯ ಮಣ್ಣು ಸೇರಿ ಇಪ್ಪತ್ತು ವರ್ಷದ ಮೇಲಾಯಿತು.