ಪಾಪಮ್ಮನ ಉಪ್ಪಿನ ಡಬ್ಬಿ

ವಿಶ್ವವಿದ್ಯಾಲಯದಿಂದ ಹೊರಬಂದ ಹೊಸತರಲ್ಲಿ ದೆವ್ವ, ಆತ್ಮ ಎಂದವರನ್ನು ನಾನು ಅವರ ಜಗುಲಿಯ ಮೇಲೆಯೇ ಕೂತು ಗೇಲಿ ಮಾಡಿದ್ದೇನೆ. ಈಗಲೂ ನಂಬುವುದಿಲ್ಲ. ವಾದಿಸುವ ಹುಮ್ಮಸ್ಸು ಮಾತ್ರ ಹೋಗಿದೆ. ಕೆಲವು ವರ್ಷಗಳ ಹಿಂದೆ ಬೂದಿಕೋಟೆ ಹತ್ತಿರದ ಒಂದು ಮನೆಯಲ್ಲಿ ಹಾಡುಹಗಲೇ ನಡೆದದ್ದನ್ನು ನನಗೆ ನಾನೇ ಎಷ್ಟೋ ಬಗೆಯಲ್ಲಿ ವಿವರಿಸಿಕೊಂಡು ಸೋತಿದ್ದೇನೆ. ನಿಮಗೇನಾದರೂ ಹೊಳೆದರೆ ಸಂತೋಷ.

ಆಗ ನಾನು ಬಂಗಾರಪೇಟೆಯಲ್ಲಿ ಇತಿಹಾಸದ ಮೇಷ್ಟ್ರು. ನನ್ನ ಹಳೆಯ ವಿದ್ಯಾರ್ಥಿನಿ ಶೋಭಾಳ ತಾಯಿ ಲಕ್ಷ್ಮೀದೇವಮ್ಮ ಒಂದು ದಿನ ಕಾಲೇಜಿಗೆ ಬಂದರು. ಶೋಭಾಳಿಗೆ ಚಿನ್ನದ ಗಣಿಯ ಊರಾದ ಉರಿಗಾಂನ ಹುಡುಗನ ಜೊತೆ ಮದುವೆ ಮಾತಾಗಿತ್ತು. ಆದರೆ ಹುಡುಗನ ಸೋದರಮಾವ, ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು, ‘ಇದು ವಿಷ ಇಕ್ಕಿದವಳ ವಂಶ’ ಎಂದು ಮಾತು ನಿಲ್ಲಿಸಿದ್ದರು.

“ನೀವು ಓದ್ದೋರು ಸಾಮಿ. ಕೋರ್ಟು ಕಾಗ್ದ ನೋಡಿ ನಿಜ ಏನೂಂತ ಏಳಿ. ನಮ್ಮಜ್ಜಿ ಮಾಡಿದ್ರೆ ಮಾಡಿದ್ಲು ಅಂತ್ಲೇ ಏಳಿ. ಈಗಾಗ್ಲೇ ಎರಡು ಸಂಬಂಧ ಇಂಗೇ ಮುರ್ದೋದ್ವು,” ಎಂದರು ಆಕೆ.

ಬಹಳ ಓಡಾಡಿದ ಮೇಲೆ ಹಳೆಯ ಮೊಕದ್ದಮೆಯ ನಕಲು ಸಿಕ್ಕಿತು. ಆ ಅಜ್ಜಿಯ ಹೆಸರು ಪಾಪಮ್ಮ. ಉರಿಗಾಂನ ಕಾರ್ಮಿಕರ ಸಾಲುಮನೆಯೊಂದರಲ್ಲಿ, ಅವಳು ಬಡಿಸಿದ ಮುದ್ದೆ-ಸಾರು ಉಂಡು ಒಂದೇ ಮಧ್ಯಾಹ್ನ ಅತ್ತೆ, ಮೈದುನ, ನಾದಿನಿ ಮೂವರೂ ಸತ್ತಿದ್ದರು. ಚಿನ್ನ ತೆಗೆಯಲು ಗಣಿಯಲ್ಲಿ ಬಳಸುತ್ತಿದ್ದ ಸೈನೈಡ್ ಸಾರಿನಲ್ಲಿತ್ತು. ಗಂಡ ಪಾಳಿಗೆ ಹೋಗಿದ್ದ. ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು. ಪಾಪಮ್ಮ ಮಾತ್ರ ಉಂಡಿರಲಿಲ್ಲ; ಅದೇ ಅವಳ ವಿರುದ್ಧದ ದೊಡ್ಡ ಸಾಕ್ಷಿಯಾಯಿತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು ಈ ಸೀಮೆಯ ಸೊಸೆಯರ ಪಾಡು ಎಂಬುದು ತೀರ್ಪು ಬರೆದವರಿಗೆ ತಿಳಿದಂತಿಲ್ಲ. ಅವಳು ಜೈಲಿನಲ್ಲೇ ಮುದುಕಿಯಾಗಿ ಸತ್ತಳು; ಮಗುವನ್ನು ಮತ್ತೆ ಕಾಣಲಿಲ್ಲ. ಆ ಮಗುವೇ ಲಕ್ಷ್ಮೀದೇವಮ್ಮನ ತಂದೆ.

ಇಷ್ಟರಿಂದ ಏನೂ ತೀರ್ಮಾನವಾಗಲಿಲ್ಲ. ಅದನ್ನು ಹೇಳಲೆಂದೇ ಒಂದು ಮಧ್ಯಾಹ್ನ ಬಸ್ಸು ಹಿಡಿದು ಅವರ ಊರಿಗೆ ಹೋದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಕ್ಷ್ಮೀದೇವಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಅಷ್ಟರಲ್ಲಿ ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ಟೊಮೆಟೊ ತೋಟಕ್ಕೆ ನುಗ್ಗಿದೆ ಎಂದು ಯಾರೋ ಹೊರಗಿನಿಂದ ಕೂಗಿದರು. “ಅಯ್ಯೋ ಇದ್ರ ಮನೆ ಆಳಾಗ! ಇರಿ ಸಾಮಿ, ಬಂದ್ಬುಟ್ಟೆ,” ಎಂದು ಆಕೆ ಓಡಿದರು.

ನಾನು ತಟ್ಟೆಗೆ ಕೈಹಾಕುವ ಮೊದಲೇ ಒಳಗಿನಿಂದ ಒಬ್ಬ ಮುದುಕಿ ಬಂದು ಎದುರಿಗೆ ಕೂತರು. ನನ್ನ ಮುದ್ದೆಯಿಂದ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಎಂಜಲು ಎಂದು ಅಸಹ್ಯವಾಗಬೇಕಿತ್ತು, ಯಾಕೋ ಆಗಲಿಲ್ಲ. “ಉಣ್ಣಪ್ಪ, ಏನೂ ಆಗಲ್ಲ,” ಎಂದರು. ಉಂಡೆ. ಉಣ್ಣುತ್ತಿದ್ದಾಗ ಅವರು, ನಾನು ಕೇಳದಿದ್ದರೂ, ಸಣ್ಣ ದನಿಯಲ್ಲಿ ಹೇಳಿದರು:

“ಡಬ್ಬಿ ಗಂಡ ತಂದಿದ್ದು ಕಣಪ್ಪ. ಗಣಿಯೋರು ಬಿಸಾಕಿದ್ದು. ಮುಚ್ಚಳ ಬಿಗಿಯಾಗಿತ್ತು, ಉಪ್ಪಿಗೆ ಚೆನ್ನಾಗಿರ್ತದೆ ಅಂತ ಇಟ್ಕಂಡಿದ್ದು. ನೀರಾಕಿ ತೊಳ್ದಿದ್ದೂ ಆಯ್ತು, ತಳದ ಸಂದೀಲಿ ಇಷ ಉಳ್ಕಂಡಿದ್ದು ಯಾರ್ಗೂ ಕಾಣ್ಲಿಲ್ಲ. ಆಮ್ಯಾಕೆ ಡಬ್ಬಿ ತಂದಿದ್ದು ಗೊತ್ತಾದ್ರೆ ಕೆಲ್ಸ ಓಗ್ತದೆ ಅಂತ ಅವ್ನು ಬಾಯೇ ಬಿಡ್ಲಿಲ್ಲ.”

ನೆರೆಮನೆಯ ಹಿರಿಯರು, ಹಳೆಯ ಕಥೆ ಬಲ್ಲವರು ಎಂದುಕೊಂಡೆ. ಹೆಸರು ಕೇಳಬೇಕೆನ್ನುವಷ್ಟರಲ್ಲಿ ಅವರು ಎದ್ದು ಒಳಗೆ ಹೋದರು.

ಲಕ್ಷ್ಮೀದೇವಮ್ಮ ಏದುಸಿರು ಬಿಡುತ್ತ ಬಂದು, ನನ್ನ ಖಾಲಿ ತಟ್ಟೆ ನೋಡಿ ಬಾಗಿಲಲ್ಲೇ ನಿಂತರು.

“ಉಂಡ್ಬುಟ್ರಾ? ನಾನು ಮೊದಲ್ ತುತ್ತು ತಿನ್ನೋದೇ ಮರ್ತು ಓಡ್ಬುಟ್ನಲ್ಲ! ನಮ್ಮನೇಲಿ ಅಡಿಗೆ ಮಾಡ್ದೋಳು ತಿನ್ನದೆ ಹೊರಗ್ನೋರಿಗೆ ಇಕ್ಕಲ್ಲ ಸಾಮಿ. ನಮ್ಮಪ್ಪನ ಕಾಲದಿಂದ್ಲೂ ಅಂಗೇ.”

“ಆ ಅಜ್ಜಿ ತಿಂದರಲ್ಲ,” ಎಂದೆ.

“ಯಾವಜ್ಜಿ?”

ಒಳಗೆ ಒಂದೇ ಕೋಣೆ. ಹಿತ್ತಲ ಬಾಗಿಲಿಲ್ಲ. ಇಬ್ಬರೂ ನೋಡಿದೆವು. ಯಾರೂ ಇರಲಿಲ್ಲ. ಮುದುಕಿ ಹೇಳಿದ ಡಬ್ಬಿಯ ಮಾತನ್ನೂ ಹೇಳಿದೆ. ಅಂಥ ಮುದುಕಿ ಆ ಬೀದಿಯಲ್ಲೇ ಇಲ್ಲ ಎಂದು ಆಕೆ ಹೇಳಿದರು.

ಮುಂದಿನ ವಾರ ಹುಡುಗನ ಸೋದರಮಾವನ ಮುಂದೆ ಕೂತು ಡಬ್ಬಿಯ ಸಂಗತಿ ಹೇಳಿದೆ. “ಎನ್ನಾ ಸಾರ್, ಇದು ಯಾರು ಹೇಳಿದ್ದು? ಆಧಾರ ಇದೆಯಾ?” ಎಂದು ಕೇಳಿದರು. ಮೂಲ ಬರೆಯದ ವಿದ್ಯಾರ್ಥಿಗಳ ಉತ್ತರಕ್ಕೆ ಅಡ್ಡಗೆರೆ ಎಳೆಯುತ್ತಿದ್ದ ನಾನು, “ಕೋರ್ಟಿನ ಕಾಗದದಲ್ಲಿದೆ,” ಎಂದುಬಿಟ್ಟೆ. ಅವರು ಕಾಗದ ತೋರಿಸಿ ಎನ್ನಲಿಲ್ಲ. “ಗಣಿಯಿಂದ ಡಬ್ಬಿ ತರದವನು ಯಾರು ಸಾರ್? ನಮ್ಮಮ್ಮಾನೂ ಅಂಥದ್ರಲ್ಲೇ ಉಪ್ಪು ಇಡ್ತಿದ್ರು. ನಮ್ಮ ಪುಣ್ಯ, ಅಷ್ಟೇ.” ಮದುವೆಗೆ ಒಪ್ಪಿದರು.

ಸುಳ್ಳು ಹೇಳಿದೆನೆಂಬ ಸಂಕಟದಿಂದ ಆ ರಾತ್ರಿ ನಕಲನ್ನು ಮತ್ತೆ ತೆರೆದೆ. ಕೊನೆಯ ಪುಟದಲ್ಲಿ ಜಪ್ತಿಯಾದ ವಸ್ತುಗಳ ಪಟ್ಟಿಯಿತ್ತು. ಪಾತ್ರೆಗಳ ನಡುವೆ, ‘ಮುಚ್ಚಳವಿರುವ ತಗಡಿನ ಡಬ್ಬಿ, ಉಪ್ಪು ಸಹಿತ’. ಅದರ ಕೆಳಗೆ ಪೆನ್ಸಿಲಿನ ಗೆರೆ. ಪೆನ್ಸಿಲು ನನ್ನದು, ಗೆರೆ ಎಳೆಯುವ ರೀತಿಯೂ ನನ್ನದೇ. ಯಾವಾಗ ಎಳೆದೆ? ಆ ಊರಿಗೆ ಹೋಗುವ ಮೊದಲೇ ಓದಿದ್ದರೆ ಉಳಿದದ್ದನ್ನು ಬಿಸಿಲು, ಹಸಿವು, ನನ್ನ ತಲೆ ಸೇರಿ ಕಟ್ಟಿರಬಹುದು. ಓದಿದ ನೆನಪಿಲ್ಲ. ಓದಿಲ್ಲವೆಂದು ಆಣೆ ಮಾಡುವ ಧೈರ್ಯವೂ ಇಲ್ಲ. ಇನ್ನು ಆ ತುತ್ತು? ಅದನ್ನು ನಾನೇ ಮುರಿದು ತಿಂದಿರಬೇಕು, ಇನ್ನೇನು.

ಮದುವೆಯ ದಿನ ಊಟದ ಗದ್ದಲದಲ್ಲಿ ಲಕ್ಷ್ಮೀದೇವಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಹೊಸ ಸೀರೆ ಉಟ್ಟಿದ್ದರು, ಕಣ್ಣು ಕೆಂಪಾಗಿತ್ತು.

“ನಮ್ಮಪ್ಪ ಸಾಯೋಗಂಟ ಒಂದೇ ಕೇಳ್ತಿದ್ದ ಸಾಮಿ, ನಮ್ಮವ್ವ ನೋಡೋಕೆ ಎಂಗಿದ್ಲೋ ಅಂತ. ಒಂದು ಫೋಟೋನೂ ಇಲ್ಲ. ನೀವು ನೋಡಿದ್ರಲ್ಲ. ಎಂಗಿದ್ಲು?”

ನಾನು ಯಾರನ್ನೂ ನೋಡಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. “ನಿಮ್ಮ ಹಾಗೇ ಇದ್ದರು,” ಎಂದೆ.

ಆಕೆಯನ್ನು ಸಮಾಧಾನಪಡಿಸಲು ಹಾಗೆ ಹೇಳಿದೆನೋ, ನೆನಪಿನಿಂದ ಹೇಳಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.