ಶುಕ್ರವಾರ ಹತ್ತೂವರೆಯ ಸರದಿ

ನಾವು ಚೆನ್ನೈನಲ್ಲಿ ತೋರಿಸುವ ಆಸ್ಪತ್ರೆಯ ಹೊರರೋಗಿ ವಿಭಾಗ ಶುಕ್ರವಾರ ಹತ್ತೂವರೆಗೆ ಖಾಲಿಯಾಗುತ್ತದೆ. ರಾಹುಕಾಲ. ಮತ್ತೆ ಜನ ಕಾಣುವುದು ಹನ್ನೆರಡು ಹೊಡೆದ ಮೇಲೆ. ಎಲ್ಲರೂ ದೂರವಿಡುವ ಆ ಹೊತ್ತನ್ನೇ ನಾನು ಬೇಕೆಂದು ಬರೆಸುತ್ತಿದ್ದೆ. ಮಂಡಿನೋವು, ಕಣ್ಣು, ರಕ್ತದೊತ್ತಡ ಎಲ್ಲಕ್ಕೂ ಅದೇ ಸರದಿ. ಕಾಯುವ ಕೆಲಸವಿಲ್ಲ. ನೆಂಟರೆದುರು ಇದನ್ನು ಹೇಳಿ ಬೀಗಿದ್ದೂ ಉಂಟು.

ಕಳೆದ ತಿಂಗಳು ಹೆಂಡತಿಯ ಎದೆಯಲ್ಲೊಂದು ಗಂಟು ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಯಾವ ಹೊತ್ತಿಗೆ ಬರುತ್ತೀರಿ ಎಂದು ಕೌಂಟರಿನ ಹುಡುಗಿ ತಮಿಳಿನಲ್ಲಿ ಅವಳನ್ನೇ ಕೇಳಿದಳು. ಶುಕ್ರವಾರ ಹತ್ತೂವರೆ ಎಂದು ಉತ್ತರ ಕೊಟ್ಟವನು ನಾನು. ಹೆಂಡತಿ ನನ್ನ ತೋಳು ಮುಟ್ಟಿ, "ರೀ, ಹನ್ನೆರಡರ ಮೇಲೆ ಸಿಗತ್ತಾ ಕೇಳಿ," ಎಂದಳು.

"ಗಂಟಿಗೇನು ಪಂಚಾಂಗ ಓದಕ್ಕೆ ಬರತ್ತಾ?" ಎಂದೆ.

ಸಾಲಿನಲ್ಲಿದ್ದ ಕನ್ನಡದವರೊಬ್ಬರು ನಕ್ಕರು. ಅವಳು ಕೈ ತೆಗೆದಳು.

ಆ ಶುಕ್ರವಾರ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ಕುಳಿತೆವು. ಮುಖ ತೊಳೆದು ಬರುತ್ತೇನೆಂದು ಎದ್ದವಳು ಮರಳಲಿಲ್ಲ. ಒಳಗಿನಿಂದ ಅವಳ ಹೆಸರು ಕೂಗಿದರು, ಮತ್ತೆ ಕೂಗಿದರು. ತಡವಾಗಿ ಬರುವವರನ್ನು ಕಂಡರೆ ಸಿಡುಕುವ ನಾನು ತಲೆ ತಗ್ಗಿಸಿ ಮಹಡಿ ಇಳಿದೆ.

ಔಷಧದಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ನಾನೇನೂ ಓಡಿಹೋಗಿಲ್ಲ," ಎಂದಳು. "ಹನ್ನೆರಡು ಹೊಡೀಲಿ, ಬರ್ತೀನಿ. ಏನೇ ಇದ್ರೂ ಅದು ನನ್ನ ಮೈಯಲ್ಲಿರೋದು. ಯಾವಾಗ ಕೇಳ್ಬೇಕು ಅನ್ನೋದಾದ್ರೂ ನಂಗೆ ಬಿಡಿ."

ಅಂಗಡಿಯ ಗಡಿಯಾರದಿಂದ ಅವಳು ಕಣ್ಣು ತೆಗೆಯಲಿಲ್ಲ. ಇಷ್ಟು ಹೆದರಿದ್ದಾಳೆಂದು ನನಗೆ ತಿಳಿದಿರಲಿಲ್ಲ. ತಿಳಿಯಲು ನಾನು ಕೇಳಿಯೇ ಇರಲಿಲ್ಲ.

ಮೇಲೆ ಹೋಗಿ ಹೊತ್ತು ಬದಲಿಸಲು ಬೇಡಿಕೊಂಡೆ. ಹುಡುಗಿ ಕೊಂಕು ಮಾತನಾಡಲಿಲ್ಲ. "ಪರವಾಯಿಲ್ಲೆ ಸಾರ್," ಎಂದಳು. ಇಂಥ ಫಲಿತಾಂಶಕ್ಕೆ ಬಹಳ ಮಂದಿ ಹೀಗೆಯೇ ಕೇಳುತ್ತಾರಂತೆ. ಅಂದು ಅಮ್ಮ, ಅಂದರೆ ನನ್ನ ಹೆಂಡತಿ, ಒಂದು ಮಾತು ಹೇಳಿದ್ದರೆ ಆಗಲೇ ಕೊಡುತ್ತಿದ್ದಳಂತೆ. ಅವಳು ನನಗೆ ಹೇಳಿದ್ದಳು, ಅದನ್ನು ತಮಿಳಿಗೆ ದಾಟಿಸದವನು ನಾನು.

ಹನ್ನೆರಡರ ನಂತರ ಕೂಗಿದಾಗ ಅವಳು ಎದ್ದಳು. ನಾನೂ ಎದ್ದೆ. "ನೀವು ಇಲ್ಲೇ ಇರಿ," ಎಂದು ಒಬ್ಬಳೇ ಒಳಗೆ ಹೋದಳು. ಹೊರಗೆ ಬಂದವಳು ನೇರ ನನ್ನ ಬಳಿ ಬರಲಿಲ್ಲ. ಕುರ್ಚಿಯಲ್ಲಿ ಕುಳಿತು ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳಿಗೆ ಹೇಳಬೇಕೆನಿಸುವವರೆಗೆ ಕಾದೆ.

"ಕೆಟ್ಟದ್ದಲ್ವಂತೆ," ಎಂದಳು ಕೊನೆಗೆ.